ಗ್ರೂಪಲ್ಲಿ ಫೋಟೋ ಬಗ್ಗೆ ನಿಜ ಹೇಳೋದು ಹೆಂಗೆ? ಒಬ್ರು ಫೋಟೋ ಹಾಕೋದೇ ನಿಲ್ಲಿಸಿಬಿಟ್ರು

ಭಾನುವಾರದ ಕ್ಯಾಮೆರಾ, ಮೈಸೂರು:

ನಮಸ್ಕಾರ ಎಲ್ರಿಗೂ. ನಾನು ಇಲ್ಲಿ ಓದ್ಕೊಂಡು ಹೋಗೋನೇ ಹೊರತು ಬರೆಯೋನಲ್ಲ. ಈಗ ಒಂದು ಪೇಚಿಗೆ ಸಿಕ್ಕಾಕೊಂಡಿದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಮೈಸೂರಲ್ಲಿ ನಮ್ಮದೊಂದು ಸಣ್ಣ ಫೋಟೋ ಗ್ರೂಪ್ ಇದೆ. ವಾಟ್ಸಾಪಲ್ಲಿ ನಲವತ್ತು ಜನ, ಭಾನುವಾರ ಬೆಳಿಗ್ಗೆ ಆರಕ್ಕೆ ನಿಜವಾಗ್ಲೂ ಎದ್ದು ಬರೋರು ಎಂಟೋ ಹತ್ತೋ. ಒಂದು ವಾರ ಕುಕ್ಕರಹಳ್ಳಿ ಕೆರೆ, ಒಂದು ವಾರ ದೇವರಾಜ ಮಾರ್ಕೆಟ್ಟು, ಯಾರದ್ದಾದ್ರೂ ಕಾರ್ ಸಿಕ್ರೆ ರಂಗನತಿಟ್ಟು. ಮುಗಿಸಿ ದೋಸೆ ತಿಂದು ಮನೆಗೆ ಹೋಗಿ, ರಾತ್ರಿ ಒಬ್ಬೊಬ್ರು ಎರಡೆರಡು ಫೋಟೋ ಗ್ರೂಪಿಗೆ ಹಾಕ್ಬೇಕು. ಹಾಕಿದ್ಮೇಲೆ ಏನಾಗುತ್ತೆ ಅಂತ ಇಲ್ಲಿರೋರಿಗೆ ಹೇಳ್ಬೇಕಾಗಿಲ್ಲ. "ಸೂಪರ್ ಸರ್", "ಬೊಂಬಾಟ್ ಕ್ಲಿಕ್ ಗುರುಗಳೇ", ಕೈ ಮುಗಿಯೋ ಇಮೋಜಿ, ಬೆಂಕಿ ಇಮೋಜಿ. ಹಾರಿಜಾನ್ ಸೊಟ್ಟಗಿದ್ದು ಕೆರೆ ನೀರೆಲ್ಲ ಒಂದು ಕಡೆ ಚೆಲ್ಲೋ ಹಂಗಿದ್ರೂ ಸೂಪರ್ ಸರ್, ಹಕ್ಕಿ ಕಣ್ಣು ಬಿಟ್ಟು ಹಿಂದಿನ ಕೊಂಬೆ ಫೋಕಸ್ ಆಗಿದ್ರೂ ಸೂಪರ್ ಸರ್. ಮೂರು ವರ್ಷ ಇದೇ ನಡೀತು, ಯಾರ ಫೋಟೋನೂ ಒಂದಿಂಚು ಉದ್ಧಾರ ಆಗ್ಲಿಲ್ಲ, ನನ್ನದೂ ಸೇರಿಸಿ.

ಅದಕ್ಕೆ ಒಂದಿನ ದೋಸೆ ತಿಂತಾ ನಾನೇ ಹೇಳ್ದೆ, ಇನ್ಮೇಲೆ ನಿಜ ಹೇಳೋಣ ಕಣ್ರಪ್ಪಾ, ಹೊಗಳೋದಕ್ಕೆ ಮನೆಯವರಿದ್ದಾರೆ ಅಂತ. ಎಲ್ರೂ ತಲೆ ಆಡಿಸಿದ್ರು. ಎರಡು ವಾರ ಚೆನ್ನಾಗೇ ಇತ್ತು.

ಮೂರನೇ ವಾರ ಮಾರ್ಕೆಟ್ಟು. ಹೊಸದಾಗಿ ಸೇರಿರೋ ಒಬ್ಬ ಹುಡುಗಿ, ಕ್ಯಾಮೆರಾ ತಗೊಂಡು ಆರು ತಿಂಗಳಾಗಿರಬೇಕು, ಹೂವಿನ ಸಾಲಲ್ಲಿ ಒಬ್ಬ ಅಜ್ಜಿ ಮಲ್ಲಿಗೆ ಮೊಳ ಹಾಕ್ತಿರೋ ಫೋಟೋ ಹಾಕಿದ್ಲು. ತಲೆ ಮೇಲೊಂದು ಬಲ್ಬು ನೇತಾಡ್ತಿದೆ, ಬಲಗಡೆ ನೀಲಿ ಪ್ಲಾಸ್ಟಿಕ್ ಬಕೆಟ್ಟು. ನಾನು ಬರೆದಿದ್ದು ಇದು, ಒಂದಕ್ಷರ ಬದಲಾಯಿಸದೆ ಹಾಕ್ತಿದೀನಿ: "ವೈಟ್ ಬ್ಯಾಲೆನ್ಸ್ ಪೂರ್ತಿ ಹಳದಿಗೆ ಹೋಗಿದೆ. ಬಲ್ಬ್ ಬ್ಲೋ ಔಟ್. ಬಕೆಟ್ ಡಿಸ್ಟರ್ಬ್ ಮಾಡ್ತಿದೆ, ಕ್ರಾಪ್ ಮಾಡಿ. ಕೈ ಶೇಕ್ ಆಗಿದೆ. ಒಳ್ಳೆಯ ಪ್ರಯತ್ನ, ಮುಂದುವರಿಸಿ." (ವೈಟ್ ಬ್ಯಾಲೆನ್ಸ್ ಅಂದ್ರೆ ಫೋಟೋದಲ್ಲಿ ಬಿಳಿ ಬಿಳಿಯಾಗೇ ಕಾಣೋ ಹಂಗೆ ಬಣ್ಣ ಹೊಂದಿಸೋದು, ಬ್ಲೋ ಔಟ್ ಅಂದ್ರೆ ಬೆಳಕು ಜಾಸ್ತಿಯಾಗಿ ವಿವರ ಹೋಗಿ ಬರೀ ಬೆಳ್ಳಗಾಗೋದು.)

"ಓಕೆ ಸರ್, ಥ್ಯಾಂಕ್ಸ್" ಅಂತ ಬಂತು. ಅಷ್ಟೇ. ನಾಲ್ಕು ಭಾನುವಾರ ಆಯ್ತು, ಫೋಟೋನೂ ಇಲ್ಲ ಮನುಷ್ಯಳೂ ಇಲ್ಲ. ಗ್ರೂಪಲ್ಲಿ ಒಬ್ರು "ನೀವು ಜಾಸ್ತಿ ಮಾಡಿದ್ರಿ" ಅಂತಾರೆ, ಇನ್ನೊಬ್ರು "ಇಷ್ಟೂ ತಡ್ಕೊಳ್ಳಕ್ಕಾಗಲ್ಲ ಅಂದ್ರೆ ಯಾಕೆ ಬರ್ಬೇಕು" ಅಂತಾರೆ. ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು ಅಂತ ನನಗೂ ಗೊತ್ತಾಗ್ತಿಲ್ಲ.

ಇನ್ನೊಂದು ಒಪ್ಕೋಬೇಕು. ಹೋದ ವರ್ಷ ರಂಗನತಿಟ್ಟಲ್ಲಿ ತೆಗೆದ ಬಣ್ಣದ ಕೊಕ್ಕರೆ ಫೋಟೋಗೆ ಬೇರೆ ಊರಿನ ಒಬ್ರು "ರೆಕಾರ್ಡ್ ಶಾಟ್" ಅಂತ ಎರಡೇ ಪದ ಬರೆದಿದ್ರು, ಅಂದ್ರೆ ದಾಖಲೆಗಷ್ಟೇ ಆಗೋ ಫೋಟೋ ಅಂತ. ದೋಣಿ ಅಲ್ಲಾಡ್ತಿತ್ತು, ಬೆಳಕು ಹಕ್ಕಿ ಹಿಂದಿನಿಂದ ಇತ್ತು, ಲೆನ್ಸು 300 ಎಂಎಂದು ಮಾತ್ರ ಇತ್ತು ಅಂತ ಅರ್ಧ ಗಂಟೆ ವಾದ ಮಾಡಿದ್ದೆ. ರಾತ್ರಿ ನಿದ್ದೆ ಬಂದಿರ್ಲಿಲ್ಲ. ಹಂಗಾಗಿ ಹೇಳೋದು ಹೆಂಗೆ, ಹೇಳಿಸ್ಕೊಳ್ಳೋದು ಹೆಂಗೆ, ಎರಡೂ ಕೇಳ್ತಿದೀನಿ. ನಿಮ್ಮ ಗ್ರೂಪುಗಳಲ್ಲಿ ಏನ್ ಮಾಡ್ತೀರಾ?

ಹಳೇ ರೋಲು, ಬೆಂಗಳೂರು:

ನಾನು ಫಿಲ್ಮ್ ಕಾಲದವನು, ಬಚ್ಚಲುಮನೆ ಬಾಗಿಲಿಗೆ ಕಂಬಳಿ ನೇತಾಕಿ ಡಾರ್ಕ್ ರೂಮ್ ಮಾಡ್ಕೊಂಡಿದ್ದವನು. ಬೆಂಗಳೂರಿಗೆ ಈ ಕ್ರಿಟಿಕ್ ಅನ್ನೋದು ಹೊಸದಲ್ಲ, ಯೂತ್ ಫೋಟೋಗ್ರಫಿಕ್ ಸೊಸೈಟಿ ಶುರುವಾಗಿದ್ದೇ 1971ರಲ್ಲಿ. ವನ್ಯಜೀವಿ ಫೋಟೋಗೆ ಹೆಸರಾದ ಟಿ.ಎನ್.ಎ. ಪೆರುಮಾಳ್ ಅಂಥವರೂ ಓ.ಸಿ. ಎಡ್ವರ್ಡ್ಸ್ ಅವರ ಹತ್ರ ಕೂತು ಕಲಿತೋರು, ಆಮೇಲೆ ಪೆರುಮಾಳ್ ಅವರ ಹತ್ರ ಕೂತು ಕಲಿತೋರು ಎಷ್ಟೋ ಜನ. ಕೂತು ಅನ್ನೋದನ್ನ ಗಮನಿಸಿ. ನಿಮ್ಮಲ್ಲಿ ಕೂತ್ಕೊಳ್ಳೋದೇ ಇಲ್ಲ, ದೋಸೆ ತಿನ್ನಕ್ಕೆ ಮಾತ್ರ ಕೂರ್ತೀರಿ.

ನಂದೊಂದು ಕಥೆ ಹೇಳ್ತೀನಿ. ಹಂಪಿ ಕಲ್ಲಿನ ರಥದ್ದು ಒಂದು ಪ್ರಿಂಟ್ ಮಾಡಿದ್ದೆ, ಒಂದು ರಾತ್ರಿ ಪೂರ್ತಿ ಕೂತು, ನಾಲ್ಕು ಹಾಳೆ ಹಾಳು ಮಾಡಿ. ಕ್ಲಬ್ಬಲ್ಲಿ ಸ್ಟ್ಯಾಂಡ್ ಮೇಲೆ ಇಟ್ರು, ಮೇಲಿಂದ ಲೈಟ್ ಹಾಕಿದ್ರು. ನಮ್ಮಲ್ಲಿ ಒಂದು ಪದ್ಧತಿ, ಪ್ರಿಂಟ್ ಸ್ಟ್ಯಾಂಡ್ ಮೇಲಿರೋ ತನಕ ತೆಗೆದೋನು ಬಾಯಿ ಬಿಡಂಗಿಲ್ಲ. ಒಬ್ರು ಹಿರಿಯರು ಬಂದು ಸುಮ್ನೆ ನೋಡಿದ್ರು, ನೋಡಿದ್ರು, ನೋಡ್ತಾನೇ ಇದ್ರು, ನನಗೆ ಬೆವರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಏನು ಕಂಡು ನಿಂತ್ಕೊಂಡೆ?" ಅಂದ್ರು. ಚಕ್ರದ ನೆರಳು ಸರ್, ಅಂದೆ. ಅವರ ಜೇಬಲ್ಲಿ ಕಪ್ಪು ರಟ್ಟಿನ ಎರಡು ತುಂಡು ಇರ್ತಿತ್ತು, ಮೂಲೆಮಟ್ಟದ ಥರ ಕತ್ತರಿಸಿದ್ದು. ಅವೆರಡನ್ನ ಪ್ರಿಂಟ್ ಮೇಲಿಟ್ಟು ನಿಧಾನಕ್ಕೆ ಜರುಗಿಸಿ ಗೋಪುರ, ಆಕಾಶ, ಅರ್ಧ ರಥ ಎಲ್ಲ ಮುಚ್ಚಿದ್ರು. ಚಕ್ರ, ನೆರಳು ಎರಡೇ ಉಳೀತು. ಏನೂ ಹೇಳ್ಲಿಲ್ಲ. ಹತ್ತು ಸೆಕೆಂಡ್ ಬಿಟ್ಟು ರಟ್ಟು ಎತ್ಕೊಂಡ್ರು, ನನ್ನ ಪ್ರಿಂಟ್ ಮತ್ತೆ ಇದ್ದಹಂಗೇ ಇತ್ತು. ಮುಂದಿನ ಪ್ರಿಂಟಿಗೆ ಹೋದ್ರು. ಅವತ್ತು ಕಲಿತಿದ್ದು ಇವತ್ತಿಗೂ ಕೈಯಲ್ಲಿದೆ.

ನಿಮ್ಮ ಕಾಮೆಂಟಲ್ಲಿ ನಾಲ್ಕು ದೂರು ಇದೆ, ಒಂದು ಪ್ರಶ್ನೆನೂ ಇಲ್ಲ. ಆ ಹುಡುಗಿ ಯಾಕೆ ನಿಂತ್ಳು ಅಂತ ಕೇಳಿದ್ರಾ? ನನ್ನ ಅನುಮಾನ, ಆ ಹಳದಿ ಬೆಳಕಿಗೇ ನಿಂತಿರ್ತಾಳೆ. ಬೆಳಿಗ್ಗೆ ಆರಕ್ಕೆ ಹೂವಿನ ಸಾಲಲ್ಲಿ ಬೇರೆ ಏನಿರುತ್ತೆ? ಅಂಥ ಬಲ್ಬಿನ ಬೆಳಕು ಹಳದಿಗೇ ಇರೋದು, ಅದನ್ನ ಬಿಳಿ ಮಾಡಿದ್ರೆ ಮಾರ್ಕೆಟ್ ಹೋಗಿ ಬ್ಯಾಂಕ್ ಆಗುತ್ತೆ. ಇನ್ನು ಬಲ್ಬ್ ಬ್ಲೋ ಔಟ್ ಅನ್ನೋದು, ಕ್ಷಮಿಸಿ, ಹೇಳ್ಬೇಕಲ್ಲ ಅಂತ ಹೇಳಿದ್ದು. ಉರಿಯೋ ಬಲ್ಬು ಫ್ರೇಮೊಳಗಿದ್ರೆ ಅದು ಬೆಳ್ಳಗೇ ಬರೋದು. ಬಲ್ಬಿಗೆ ಎಕ್ಸ್‌ಪೋಸ್ ಮಾಡಿದ್ರೆ ಅಜ್ಜಿ ಕತ್ತಲಲ್ಲಿ ಹೋಗ್ತಾರೆ.

ಹೇಳಿಸ್ಕೊಳ್ಳೋದರ ಬಗ್ಗೆ: ದೋಣಿ ಅಲ್ಲಾಡ್ತಿತ್ತು ಅನ್ನೋದು ನೋಡೋನಿಗೆ ಕಾಣಲ್ಲ. ಅದು ನಿಮ್ಮ ಕಥೆ, ಫೋಟೋದಲ್ಲಿಲ್ಲ. ಆದ್ರೆ ಬರೀ "ರೆಕಾರ್ಡ್ ಶಾಟ್" ಅಂದೋರೂ ಏನೂ ಕೊಟ್ಟಿಲ್ಲ. ಸಲೋನ್‌ಗಳಲ್ಲೂ, ಅಂದ್ರೆ ಫೋಟೋ ಸ್ಪರ್ಧೆಗಳಲ್ಲೂ ಇದೇ ಕಥೆ, ಜಡ್ಜುಗಳು ಕೆಲವು ಸೆಕೆಂಡ್ ನೋಡಿ ನಂಬರ್ ಕೊಟ್ಟು ಮುಂದೆ ಹೋಗ್ತಾರೆ, ಅಕ್ಸೆಪ್ಟೋ ರಿಜೆಕ್ಟೋ ಅಂತ ಬರುತ್ತೆ, ಯಾಕೆ ಅಂತ ಬರಲ್ಲ. ಅಂಥದ್ದಕ್ಕೆ ನಿದ್ದೆ ಕೆಡಿಸ್ಕೋಬೇಡಿ.

ಸಾಧನಕೇರಿ ಮಳಿ, ಧಾರವಾಡ:

ನಮಸ್ಕಾರ್ರಿ. ನಾ ಬರೇ ಮೊಬೈಲ್‌ನ್ಯಾಗ ಫೋಟೋ ತಗಿಯಾಂವ, ದೊಡ್ಡ ಕ್ಯಾಮೆರಾ ಮಂದಿ ನಡುವ ಬಾಯಿ ಬಿಡಬೇಕೋ ಬ್ಯಾಡೋ ಗೊತ್ತಿಲ್ಲ, ಆದ್ರೂ ಒಂದ್ ಮಾತು.

ನೀವು ಆ ಫೋಟೋ ಎಲ್ಲಿ ನೋಡಿದ್ರಿ? ವಾಟ್ಸಾಪ್‌ನ್ಯಾಗ, ಹೌದಲ್ರಿ? ವಾಟ್ಸಾಪ್ ಫೋಟೋನ ಹಿಂಡಿ ಸಣ್ಣದು ಮಾಡಿ ಕಳಸ್ತದ. ಅದರಾಗ ಶಾರ್ಪ್ ಇಲ್ಲ, ನಾಯ್ಸ್ ಅಂದ್ರ ಕಾಳು ಕಾಳು ಭಾಳ ಅದ, ಕೂದಲು ಎಳಿ ಎಳಿ ಕಾಣವಲ್ದು ಅನ್ನೋದು ಅಂದ್ರ, ಗಿರಣ್ಯಾಗ ಬೀಸಿದ ಹಿಟ್ಟು ನೋಡಿ ಜ್ವಾಳ ಹೆಂಗಿತ್ತು ಅಂತ ಹೇಳಿದಂಗ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಾ ಡ್ರೈವ್‌ನ್ಯಾಗ ಹಾಕಿ ಲಿಂಕ್ ಕೊಡ್ರಿ, ಆಮ್ಯಾಲ ಶಾರ್ಪ್ನೆಸ್ ಬಗ್ಗೆ ಮಾತಾಡೋಣು. ನಮ್ಮ ಗ್ರೂಪ್‌ನ್ಯಾಗ ಇದೊಂದ್ ಮಾಡಿದ ಮ್ಯಾಲ ಅರ್ಧ ಜಗಳ ಕಮ್ಮಿ ಆತು ನೋಡ್ರಿ, ಖರೇನ.

ಎರಡನೇದ್ದು, ರಾತ್ರಿ ಎಷ್ಟು ಗಂಟೆಕ್ಕ ನೋಡಿದ್ರಿ? ಈಗಿನ ಫೋನ್‌ನ್ಯಾಗ ಕಣ್ಣಿಗೆ ತಂಪು ಅಂತ ಒಂದು ಸೆಟ್ಟಿಂಗ್ ಇರ್ತದ, ಐ ಕಂಫರ್ಟ್ ಅಂತಾರಲ್ಲ, ಹೊತ್ತು ಮುಳುಗಿದ ಮ್ಯಾಲ ತಾನ ಚಾಲೂ ಆಗಿ ಇಡೀ ಸ್ಕ್ರೀನ್ ಹಳದಿ ಮಾಡ್ತದ. ನಾ ಒಮ್ಮೆ ಅದನ್ನ ಬಂದ್ ಮಾಡೂದು ಮರ್ತು ಒಬ್ರ ಮದುವಿ ಫೋಟೋ ಬಣ್ಣ ತಿದ್ದಿ ಕೊಟ್ಟಿದ್ದೆ. ಮುಂಜಾನೆ ನೋಡಿದ್ರ ಮದುಮಗಳು ನೀಲಿ ಆಗ್ಯಾಳ.

ನಂದೂ ಒಂದು ದುಃಖ ಅದ. ಸಾಧನಕೇರಿ ಕೆರಿ ಮ್ಯಾಲ ಮಳಿ ಬೀಳೂ ಮುಂದ ಒಂದು ಫೋಟೋ ತಗದಿದ್ದೆ, ಒಂದು ಗ್ರೂಪ್‌ನ್ಯಾಗ ಹಾಕಿದ ಕೂಡ್ಲೆ ಒಬ್ರು "ಮೊಬೈಲ್ ಅಂತ ಗೊತ್ತಾಗ್ತದೆ" ಅಂದ್ರು. ಗೊತ್ತಾದ್ರ ಏನ್ ಮಾಡ್ಲಿ, ಕ್ಯಾಮೆರಾ ಕೊಡಸ್ತಾರೇನು? ನನ್ನ ಕೈಲೆ ಏನ್ ಮಾಡಾಕ ಆಗ್ತದ ಅದನ್ನ ಹೇಳ್ರಿ. ಒಂದ್ ಹೆಜ್ಜಿ ಎಡಕ್ಕ ನಿಲ್ಲು, ಹತ್ತು ನಿಮಿಷ ಕಾಯಿ, ಫೋನ್ ನೆಲಕ್ಕ ಹಚ್ಚಿ ಹಿಡಿ. ಅಂಥಾದ್ದು ಹೇಳಿದ್ರ ನಾಳೆ ಹೋಗಿ ಮಾಡ್ತೇನಿ.

ಭಾನುವಾರದ ಕ್ಯಾಮೆರಾ, ಮೈಸೂರು:

ಅಯ್ಯೋ. ಈಗ ಫೋನ್ ನೋಡ್ದೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಐ ಕಂಫರ್ಟ್ ಆನ್ ಇದೆ. ಕಾಮೆಂಟ್ ಹಾಕಿದ್ದು ಹತ್ತೂವರೆಗೆ. ಭೂಮಿ ಬಾಯಿಬಿಟ್ರೆ ಒಳಗೋಗ್ಬಿಡ್ತೀನಿ.

ಇನ್ನೊಂದು ಮೊದಲನೇ ಪೋಸ್ಟಲ್ಲಿ ಬರೆದಿರ್ಲಿಲ್ಲ, ಬೇಕಂತ ಮುಚ್ಚಿಟ್ಟಿದ್ದಲ್ಲ, ಅದೊಂದು ವಿಷಯ ಅಂತ ಅನಿಸಿರ್ಲಿಲ್ಲ. ಕ್ರಾಪ್ ಮಾಡಿ ಅಂತ ಬರೆದು ನಾನೇ ಕ್ರಾಪ್ ಮಾಡಿ, ಬಣ್ಣ ಸರಿ ಮಾಡಿ, "ಹೀಗೆ ಟ್ರೈ ಮಾಡಿ" ಅಂತ ಗ್ರೂಪಿಗೆ ವಾಪಸ್ ಹಾಕಿದ್ದೆ. ಹಳೇ ರೋಲು ಸರ್ ರಟ್ಟು ಎತ್ಕೊಂಡ್ರು ಅಂತ ಬರೆದಿದ್ದು ಓದಿದಾಗ ಅದು ನೆನಪಾಯ್ತು. ಅದಕ್ಕೆ ಆರು ಜನ "ಈಗ ಸೂಪರ್" ಅಂತ ಹೆಬ್ಬೆಟ್ಟು ಒತ್ತಿದ್ರು.

ಐವತ್ತು ಎಂಎಂ, ಸಾಗರ:

ಹಾಂ, ಇದು ಬರುತ್ತೆ ಅಂತ ಗೊತ್ತಿತ್ತು ನನಗೆ. ಮೊದಲನೇ ಪೋಸ್ಟ್ ಓದಿದಾಗ್ಲೇ ಅನ್ಕೊಂಡೆ, ನಾಲ್ಕು ಸಾಲಿನ ಕಾಮೆಂಟಿಗೆ ಯಾರೂ ನಾಲ್ಕು ವಾರ ಕಾಣೆಯಾಗಲ್ಲ, ಇನ್ನೇನೋ ಇದೆ ಅಂತ.

ಸರ್, ನಿಮ್ಮ ಮೇಲೆ ಕೋಪ ಇಲ್ಲ, ಆದ್ರೆ ಸ್ವಲ್ಪ ಬೇರೆಯವರ ಕಡೆಯಿಂದ ನೋಡಿ. ನೀವು ಅವಳ ಮನೆಗೆ ಊಟಕ್ಕೆ ಹೋಗಿ, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳೋದು ಒಂದು. ಎದ್ದು ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಗೆ ನೀವೇ ಉಪ್ಪು ಹಾಕಿ, ಕಲಸಿ, ಬಂದವರಿಗೆಲ್ಲ ಬಡಿಸಿ, ಅವರೆಲ್ಲ ಈಗ ರುಚಿಯಾಯ್ತು ಅಂತ ಚಪ್ಪಾಳೆ ತಟ್ಟೋದು ಇನ್ನೊಂದು. ಅವಳ ಫೋಟೋಗೆ ಎಷ್ಟು ಹೆಬ್ಬೆಟ್ಟು ಬಿದ್ದಿತ್ತು? ಬೀಳೋಕೆ ಮುಂಚೆನೇ ನಿಮ್ಮದು ಬಂತು ಅನ್ಸುತ್ತೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಅಜ್ಜಿ ಮೊಳ ಹಾಕ್ತಿದ್ರು ಅಂತ ನೀವೇ ಬರೆದಿದ್ದೀರಿ. ಮೊಳ ಅಂದ್ರೆ ಮೊಣಕೈಯಿಂದ ನಡುಬೆರಳ ತುದಿ ತನಕ. ಬಕೆಟ್ ಬಲಗಡೆ ಇತ್ತು ಅಂದ್ರಿ. ಅಜ್ಜಿ ಮೊಣಕೈ ಎಲ್ಲಿತ್ತು? ದಯವಿಟ್ಟು ಒಂದ್ಸಲ ಎರಡೂ ಫೋಟೋ ತೆಗೆದು ನೋಡಿ. ಬಕೆಟ್ ಕತ್ತರಿಸೋಕೆ ಹೋಗಿ ಮೊಣಕೈ ಕತ್ತರಿಸಿದ್ರೆ ಅಲ್ಲಿ ಮೊಳನೇ ಇಲ್ಲ, ಯಾರೋ ಒಬ್ಬರು ಹೂವು ಹಿಡ್ಕೊಂಡಿದ್ದಾರೆ ಅಷ್ಟೆ.

ಮತ್ತೆ ಈ "ಒಳ್ಳೆಯ ಪ್ರಯತ್ನ, ಮುಂದುವರಿಸಿ" ಅನ್ನೋದು ನಮ್ಮ ಪ್ರೈಮರಿ ಸ್ಕೂಲ್ ಕಾಪಿ ಪುಸ್ತಕದಲ್ಲಿ ಕೆಂಪು ಇಂಕಲ್ಲಿ ಬರೀತಿದ್ರು. ಇಷ್ಟ ಆಗಿದ್ದು ನಿಜವಾಗ್ಲೂ ಏನಾದ್ರೂ ಇದ್ರೆ ಅದನ್ನೇ ಹೆಸರಿಟ್ಟು ಹೇಳಿ, ಇಲ್ದಿದ್ರೆ ಬಿಡಿ. ನಾನು ಈಗ ಏನ್ ಮಾಡ್ತೀನಿ ಅಂದ್ರೆ ನನ್ನ ಕಣ್ಣು ಎಲ್ಲೆಲ್ಲಿ ಹೋಯ್ತು ಅಂತ ಮಾತ್ರ ಬರೀತೀನಿ. "ಮೊದಲು ಬಲ್ಬ್ ನೋಡ್ದೆ, ಆಮೇಲೆ ಕೈಗೆ ಬಂದೆ, ಆಮೇಲೆ ನೀಲಿ ಬಕೆಟ್ ಎಳ್ಕೊಂಡು ಹೋಯ್ತು, ಅಜ್ಜಿ ಮುಖಕ್ಕೆ ಕೊನೆಗೆ ಬಂದೆ." ಇದರಲ್ಲಿ ತಪ್ಪು ಸರಿ ಏನೂ ಇಲ್ಲ, ನನ್ನ ಕಣ್ಣಿನ ವರದಿ ಅಷ್ಟೆ, ಅದನ್ನ ಯಾರೂ ವಾದ ಮಾಡೋಕಾಗಲ್ಲ. ಬಕೆಟ್ ಕಡೆ ಹೋಗಬಾರದಿತ್ತು ಅಂತ ಅವಳಿಗೆ ಅನ್ಸಿದ್ರೆ ಅವಳೇ ಏನಾದ್ರೂ ಮಾಡ್ತಾಳೆ. ನೀಲಿನ ಸ್ವಲ್ಪ ಮಂಕು ಮಾಡಬಹುದು, ಮುಂದಿನ ಸಲ ಎರಡು ಹೆಜ್ಜೆ ಎಡಕ್ಕೆ ಹೋಗಬಹುದು, ಇಲ್ಲ ಬಕೆಟ್ ಬೇಕು ಅಂತನೇ ಇಟ್ಟಿರಬಹುದು.

ಇನ್ನೊಂದು ಹೇಳಿಬಿಡ್ತೀನಿ, ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತಿರೋ ವಿಷಯ. ಗ್ರೂಪಲ್ಲಿ ಒಂದು ಫೋಟೋ ಹಾಕಿದ್ರೆ ಪರ್ಸನಲ್ಲಾಗಿ ಮೂರು ಮೆಸೇಜ್ ಬರುತ್ತೆ, "ಮೇಡಂ ನಾನು ಕಲಿಸಿಕೊಡ್ತೀನಿ" ಅಂತ. ಇದು ನಿಮ್ಮ ಬಗ್ಗೆ ಅಲ್ಲ. ಆದ್ರೆ ಅವಳು ಬರದೇ ಇರೋದಕ್ಕೆ ಕಾರಣ ನೀವೊಬ್ರೇ ಅಂತ ಗ್ಯಾರಂಟಿ ಇಲ್ಲ, ಅದನ್ನೂ ಮನಸ್ಸಲ್ಲಿಟ್ಕೊಳ್ಳಿ.

ಮಂಜೊಟ್ಟಿ, ಮೂಡುಬಿದಿರೆ:

ನೀವೆಲ್ಲ ಭಾರೀ ನಾಜೂಕು ಮಾರಾಯ್ರೆ. ಹೀಗೆ ಹೂವಿನ ಹಾಗೆ ಹೇಳಿದ್ರೆ ನನ್ನಂಥ ದಪ್ಪ ಚರ್ಮದವನಿಗೆ ನಾಟುವುದೇ ಇಲ್ಲ.

ನಾನು ಯಕ್ಷಗಾನದ ಫೋಟೋ ತೆಗೆಯಲಿಕ್ಕೆ ಶುರು ಮಾಡಿದಾಗ ಒಂದು ವರ್ಷ ಎಲ್ಲರೂ ಲಾಯ್ಕುಂಟು ಲಾಯ್ಕುಂಟು ಅಂದದ್ದೇ. ಒಬ್ಬರು ಭಾಗವತರಿಗೆ ತೋರಿಸಿದೆ. ಅವರು ಫೋಟೋಗ್ರಾಫರ್ ಅಲ್ಲ, ಫೋನು ಹಿಡಿಯಲಿಕ್ಕೂ ಅಷ್ಟಕ್ಕಷ್ಟೆ. ಅವರು ಹೇಳಿದ್ದು, "ಎಲ್ಲದರಲ್ಲಿಯೂ ಕಾಲು ಕಡಿದಿದ್ದೀಯಲ್ಲ, ಕುಣಿಯುವುದು ಕಾಲಿನಲ್ಲಿ." ಮುಗೀತು. ಆಮೇಲೆ ನಾನು ಫ್ರೇಮಿನಲ್ಲಿ ಕಾಲು ಕಡಿದದ್ದಿಲ್ಲ. ಅದನ್ನು ಅವರು ಸಕ್ಕರೆ ಹಾಕಿ ಹೇಳಿದ್ರೆ ನಾನು ಸಕ್ಕರೆ ತಿಂದು ಬಿಡ್ತಿದ್ದೆ.

ಕಂಬಳದಲ್ಲಿ ಕೂಡ ಹಾಗೆಯೇ. ಕೋಣ ಓಡಿ ಬರುವಾಗ ಎಲ್ಲರೂ ಮಂಜೊಟ್ಟಿಯ ಕಡೆ, ಅಂದ್ರೆ ಓಟ ಮುಗಿಯುವ ತುದಿಯಲ್ಲಿ ಸಾಲಾಗಿ ನಿಂತು ಶಟರ್ 1/2000 ಸೆಕೆಂಡಿಗೆ ಇಟ್ಟು ಹೊಡೆಯುವುದು, ನೀರು ಗಾಜಿನ ಹಾಗೆ ಬರ್ತದೆ, ಎಲ್ಲರದ್ದೂ ಒಂದೇ ಫೋಟೋ. ಒಬ್ಬ ಸ್ನೇಹಿತ ನನ್ನ ಮೂವತ್ತು ಫೋಟೋ ನೋಡಿ ಹೇಳಿದ, ಇದರಲ್ಲಿ ನಿನ್ನದು ಯಾವುದು? ಆ ದಿನ ಬೇಜಾರಾಯ್ತು, ಬೈದೆ ಕೂಡ. ಮರುವರ್ಷ 1/30ರಲ್ಲಿ ಪ್ಯಾನ್ ಮಾಡ್ಲಿಕ್ಕೆ, ಅಂದ್ರೆ ಕೋಣದ ಒಟ್ಟಿಗೆ ಕ್ಯಾಮೆರಾ ತಿರುಗಿಸ್ತಾ ತೆಗೆಯಲಿಕ್ಕೆ ಶುರು ಮಾಡಿದೆ, ನೂರರಲ್ಲಿ ತೊಂಬತ್ತೆಂಟು ಹಾಳು, ಉಳಿದ ಎರಡು ನನ್ನವು. ಹಾಗಾಗಿ ಖಾರ ಬೇಕು ಅಂತ ನನ್ನ ಅಭಿಪ್ರಾಯ, ಯಾರಿಗೆ ಬೇಕೋ ಅವರಿಗೆ.

ಆದರೆ ಖಾರ ಹೇಳುವವರಿಗೆ ವಿಷಯ ಸರಿ ಗೊತ್ತಿರಬೇಕು ಮಾರಾಯ್ರೆ, ಅಲ್ಲಿ ನೀವು ಸೋತ್ರಿ. "ಕೈ ಶೇಕ್" ಅಂದಿದ್ದೀರಿ. ಕ್ಯಾಮೆರಾ ಅಲ್ಲಾಡಿದ್ರೆ ಬಲ್ಬು, ಬಕೆಟು, ಅಜ್ಜಿ ಎಲ್ಲವೂ ಒಟ್ಟಿಗೆ ಅದುರಬೇಕು. ಬರೀ ಕೈ ಮಾತ್ರ ಮಸುಕಾಗಿದ್ರೆ ಅಲ್ಲಾಡಿದ್ದು ಅಜ್ಜಿಯ ಕೈ, ಕ್ಯಾಮೆರಾ ಅಲ್ಲ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಸ್ಟೆಬಿಲೈಸರ್ ಉಂಟು, ಟ್ರೈಪಾಡ್ ಉಂಟು, ಕಂಬಕ್ಕೆ ಒರಗಿದ್ರೂ ಆಗ್ತದೆ. ಎರಡನೆಯದಕ್ಕೆ ಟ್ರೈಪಾಡ್ ಸಾವಿರದ್ದು ಇಟ್ರೂ ಪ್ರಯೋಜನ ಇಲ್ಲ, ಶಟರ್ ಸ್ಪೀಡ್ ಏರಿಸಬೇಕು, ಅದಕ್ಕೆ ಐಎಸ್‌ಓ, ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್, ಏರಿಸಬೇಕು. ಇಲ್ಲದಿದ್ರೆ ಅಜ್ಜಿ ನೂಲು ಎಳೆದು ಒಂದು ಕ್ಷಣ ನಿಲ್ಲಿಸುವಾಗ ಒತ್ತಬೇಕು, ಮೊಳ ಹಾಕುವಾಗ ಪ್ರತಿ ಸಲ ಒಂದು ನಿಲುಗಡೆ ಇರ್ತದೆ, ಬೆರಳ ತುದಿಗೆ ಹಗ್ಗ ಮುಟ್ಟುವಾಗ. ಇದನ್ನು ಹೇಳಿದ್ರೆ ಆ ಹುಡುಗಿ ಮರುದಿನವೇ ಓಡಿಬರ್ತಿದ್ದಳು.

ಗೂಡು ಬೇಡ, ಮಡಿಕೇರಿ:

ಚರ್ಚೆ ಚೆನ್ನಾಗಿದೆ, ನಾನು ಒಂದೇ ವಿಷಯಕ್ಕೆ ಬಂದೆ. ಹಕ್ಕಿ ಫೋಟೋ ಗ್ರೂಪೊಂದರ ಅಡ್ಮಿನ್ ನಾನು. ಮೇಲೆ ಬರೆದಿರೋ ಹಾಗೆ ಮೊದಲು ಕೇಳಿ ಆಮೇಲೆ ಹೇಳೋದು, ಕಣ್ಣಿನ ವರದಿ, ಇದೆಲ್ಲ ನನಗೂ ಒಪ್ಪಿಗೆ, ಒಂದು ಜಾಗ ಬಿಟ್ಟು. ಗೂಡಿನ ಫೋಟೋ. ಹೋದ ವರ್ಷ ಒಬ್ರು ಸೂರಕ್ಕಿ ಗೂಡಿಂದ ಮರಿ ಬಾಯಿ ತೆರೆದಿರೋದು ಹಾಕಿದ್ರು, ಹದಿನೈದು ಜನ "ವಾವ್ ಡೀಟೇಲ್" ಅಂದ್ರು, ನಾನು ನೋಡಿದ್ದು ಗೂಡಿನ ಮುಂದಿನ ಎಲೆ ಕತ್ತರಿಸಿರೋ ತೊಟ್ಟುಗಳನ್ನ. ಎಲೆ ತೆಗೆದ್ರೆ ಬಿಸಿಲು ನೇರ ಗೂಡಿನ ಮೇಲೆ, ಕಾಗೆಗೂ ದಾರಿ ತೋರಿಸಿದ ಹಾಗೆ. ಅಲ್ಲಿ ನೀವೇನು ಕಂಡು ನಿಂತ್ರಿ ಅಂತ ಕೇಳ್ತಾ ಕೂರೋಕಾಗಲ್ಲ. ಮೊದಲು ಡಿಲೀಟ್ ಮಾಡ್ದೆ, ಆಮೇಲೆ ಫೋನ್ ಮಾಡಿ ಮಾತಾಡ್ದೆ, ಗ್ರೂಪಲ್ಲಿ ಹೆಸರು ಎತ್ತಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥದೊಳಗೇ ಹಕ್ಕಿ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಬರುತ್ತೆ ಅಂತ ಹೇಳಿದಾಗ ಆ ಮನುಷ್ಯ ನಿಜವಾಗಿ ಗಾಬರಿ ಆದ್ರು, ಅವರಿಗೆ ಗೊತ್ತೇ ಇರಲಿಲ್ಲ. ಈಗಲೂ ಗ್ರೂಪಲ್ಲಿದ್ದಾರೆ, ಹೊಸಬರು ಗೂಡು ಹಾಕಿದ್ರೆ ನನಗಿಂತ ಮುಂಚೆ ಅವರೇ ಮೆಸೇಜ್ ಮಾಡ್ತಾರೆ.

ಕ್ಲಿಕ್ ರಾಜ:

ಸೂಪರ್ ಪೋಸ್ಟ್ ಸರ್

ಮಂಜೊಟ್ಟಿ, ಮೂಡುಬಿದಿರೆ:

ಬಂದ್ರು ನೋಡಿ.

ಭಾನುವಾರದ ಕ್ಯಾಮೆರಾ, ಮೈಸೂರು:

ಎಲ್ರಿಗೂ ಥ್ಯಾಂಕ್ಸ್. ಒಂದು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಐವತ್ತು ಎಂಎಂ ಅವರು ಹೇಳಿದ ಹಂಗೆ ಹಗಲು ಹೊತ್ತಲ್ಲಿ ಕೂತು, ಲ್ಯಾಪ್‌ಟಾಪಲ್ಲಿ ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ನೋಡ್ದೆ. ಅಜ್ಜಿ ಮೊಣಕೈ ಊರಿರೋದೇ ಆ ಬಕೆಟ್ ಅಂಚಿನ ಮೇಲೆ. ನಾನು ಮುಂಗೈ ಹತ್ರ ಕತ್ತರಿಸಿದ್ದೆ. ಹೂವಿನ ಸರ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ. ಬಲ್ಬ್ ಬೆಳಕು ಅಜ್ಜಿ ಕೈ ಬಳೆ ಮೇಲೆ ಬಿದ್ದು ಒಂದು ಸಣ್ಣ ಗೆರೆ ಇತ್ತು, ನನ್ನ ಎಡಿಟಲ್ಲಿ ಅದು ಬೂದಿ ಬಣ್ಣಕ್ಕೆ ಹೋಗಿದೆ. ಅಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ, ನಾನು ಬಕೆಟ್ ನೋಡೋದ್ರಲ್ಲೇ ಇದ್ದೆ.

ಗ್ರೂಪಲ್ಲಿ ಏನೂ ಬರೀಲಿಲ್ಲ. ಅವರಿಗೆ ಒಂದು ಮೆಸೇಜ್ ಹಾಕ್ದೆ, ನಿಮ್ಮ ಫೋಟೋನ ಕೇಳ್ದೇ ಎಡಿಟ್ ಮಾಡಿ ಹಾಕಿದ್ದು ನನ್ನ ತಪ್ಪು, ಗ್ರೂಪಿಂದ ಅದನ್ನ ತೆಗೆಯಕ್ಕೆ ಅಡ್ಮಿನ್‌ಗೆ ಹೇಳಿದೀನಿ, ನೀವು ಅಲ್ಲಿ ಯಾಕೆ ನಿಂತ್ರಿ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ, ಈಗ ಕೇಳ್ತಿದೀನಿ ಅಂತ. ಬರೆದು ಅಳಿಸಿ ಬರೆದು ಅಳಿಸಿ ಮುಕ್ಕಾಲು ಗಂಟೆ ಆಯ್ತು, ಆದ್ರೆ ಆ ನಾಲ್ಕು ಸಾಲಿನ ಕಾಮೆಂಟ್ ಒಂದು ನಿಮಿಷದಲ್ಲಿ ಬರೆದಿದ್ದೆ ಅನ್ನೋದು ಆಮೇಲೆ ಹೊಳೀತು.

ಎರಡು ದಿನ ಬಿಟ್ಟು ಉತ್ತರ ಬಂತು. ಅಲ್ಲಿ ನಿಂತಿದ್ದು ಬೆಳಕಿಗಂತೆ, ಹಳೇ ರೋಲು ಸರ್ ಹೇಳಿದ್ದು ಸರಿ. ಪಕ್ಕದ ಅಂಗಡಿಗಳಲ್ಲೆಲ್ಲ ಬಿಳಿ ಎಲ್‌ಇಡಿ ಬಂದಿದೆ, ಈ ಅಜ್ಜಿ ಒಬ್ರದ್ದೇ ಹಳೇ ಬಲ್ಬು ಉಳ್ಕೊಂಡಿರೋದು, ಅದಕ್ಕೆ ತೆಗೆದೆ ಅಂತ ಬರೆದಿದ್ರು. ನಾನು ಅದೇ ಮಾರ್ಕೆಟ್ಟಿಗೆ ಮೂರು ವರ್ಷದಿಂದ ಹೋಗ್ತಿದೀನಿ ಸ್ವಾಮಿ, ಆ ಬಲ್ಬು ನೋಡೇ ಇಲ್ಲ. ಕೈ ಮಸುಕಾಗಿದ್ದು ಮಾತ್ರ ಅವರಿಗೂ ಬೇಜಾರೇ ಇತ್ತಂತೆ, "ಅದು ನೀವು ಹೇಳಿದ್ದು ಸರಿ ಸರ್, 1/30 ಇಟ್ಟಿದ್ದೆ, ನಾಯ್ಸ್ ಬರುತ್ತೆ ಅಂತ ಐಎಸ್‌ಓ ಏರಿಸಕ್ಕೆ ಹೆದರಿಕೆ ಆಯ್ತು" ಅಂದ್ರು. ಆಗ ಮಂಜೊಟ್ಟಿ ಅವರು ಬರೆದ ಆ ನಿಲುಗಡೆ ವಿಷಯ ಕಳಿಸ್ದೆ, ನನ್ನ ಹೆಸರಲ್ಲಿ ಅಲ್ಲ, ಮೂಡುಬಿದಿರೆಯ ಒಬ್ರು ಹೇಳಿದ್ದು ಅಂತಾನೇ. ಅದಕ್ಕೆ ಒಂದು ನಗು ಬಂತು, ಅಷ್ಟೇ. ಗ್ರೂಪಿಗೆ ಇನ್ನೂ ಏನೂ ಹಾಕಿಲ್ಲ. ಬರ್ತೀನಿ ಅಂತಾನೂ ಹೇಳಿಲ್ಲ, ಬರಲ್ಲ ಅಂತಾನೂ ಹೇಳಿಲ್ಲ, ನಾನೂ ಒತ್ತಾಯ ಮಾಡ್ಲಿಲ್ಲ.

ಗ್ರೂಪಲ್ಲಿ ಎರಡೇ ಬದಲಾವಣೆ ಮಾಡಿದೀವಿ, ಜಾಸ್ತಿ ರೂಲ್ಸ್ ಮಾಡಿದ್ರೆ ಯಾರೂ ಪಾಲಿಸಲ್ಲ. ಒಂದು, ಫೋಟೋ ಡಾಕ್ಯುಮೆಂಟಾಗಿ ಕಳಿಸೋದು. ಎರಡು, ಫೋಟೋ ಜೊತೆ ತೆಗೆದೋರೇ ಒಂದು ಸಾಲು ಬರೆಯೋದು, ಯಾಕೆ ನಿಂತೆ, ಏನು ಹೇಳಿಸ್ಕೋಬೇಕು ಅಂತ. ಸುಮ್ನೆ ತೋರಿಸಕ್ಕೆ ಹಾಕಿದ್ರೆ "ಸುಮ್ನೆ" ಅಂತ ಬರೆದ್ರೆ ಸಾಕು, ಅದಕ್ಕೆ ಸೂಪರ್ ಸರ್ ಅನ್ನಬಹುದು. ಹೋದ ಭಾನುವಾರ ಹಾಕಿದ ಹದಿನಾಲ್ಕರಲ್ಲಿ ಒಂಬತ್ತು "ಸುಮ್ನೆ". ನಾನೂ ಒಂದು ಹಾಕಿದ್ದೆ, ಕುಕ್ಕರಹಳ್ಳಿ ಕೆರೆ ಮಂಜು, "ಎಲ್ಲಿ ಬೋರ್ ಆಗುತ್ತೆ ಹೇಳಿ" ಅಂತ ಬರೆದೆ. ಒಬ್ರು "ಕೆಳಗಿನ ಅರ್ಧ" ಅಂದ್ರು. ಉತ್ತರ ಟೈಪ್ ಮಾಡಕ್ಕೆ ಶುರು ಮಾಡಿದ್ದೆ, ಬೆಳಕು ಕಮ್ಮಿ ಇತ್ತು ಅಂತ, ಅಳಿಸಿ ಫೋನ್ ಕೆಳಗಿಟ್ಟು ಊಟಕ್ಕೆ ಹೋದೆ.

ಸಾಧನಕೇರಿ ಮಳಿ, ಧಾರವಾಡ:

ಭಾಳ ಚಲೋ ಆತ್ರಿ. ಐ ಕಂಫರ್ಟ್ ಬಂದ್ ಮಾಡಿದ್ರೋ ಇಲ್ಲೋ?

ಮಂಜೊಟ್ಟಿ, ಮೂಡುಬಿದಿರೆ:

ಅಲ್ಲ ಮಾರಾಯ್ರೆ, ಇಷ್ಟೊತ್ತು ನಾವೆಲ್ಲ ನೋಡದ ಫೋಟೋದ ಬಗ್ಗೆ ಮಾತಾಡಿದ್ದೇ ಆಯ್ತು. ಆ ಬಕೆಟು ಇರುವ ಫೋಟೋ ಒಮ್ಮೆ ಇಲ್ಲಿ ಹಾಕಿ, ನೋಡುವ.

ಭಾನುವಾರದ ಕ್ಯಾಮೆರಾ, ಮೈಸೂರು:

ಬಂದ್ ಮಾಡಿದೀನಿ. ಫೋಟೋ ನನ್ನದಲ್ವಲ್ಲ, ಅವರನ್ನ ಕೇಳ್ಬೇಕು.